ಕರಿಕಲ್ಲು, ಗ್ರಾನೈಟ್: ಬೀದರ್ ಸೀಮೆಗೆ ಎರಡು ಕಲ್ಲುಗಳ ಕೈಪಿಡಿ

ಬೀದರ್ ನಗರದಲ್ಲಿ ಮನೆ ಕಟ್ಟುವ ಜಾಗಕ್ಕೆ ಹೋದರೆ ಮೂರು ಬಗೆಯ ಕಲ್ಲು ಕಣ್ಣಿಗೆ ಬೀಳುತ್ತವೆ. ಪಾಯದ ಗುಂಡಿಯ ಪಕ್ಕ ಕರಿಕಲ್ಲಿನ ರಾಶಿ, ಕಂಪೌಂಡ್ ಗೋಡೆಗೆಂದು ತಂದ ಕೆಂಪು ಕಲ್ಲು, ಅಡುಗೆಮನೆಯಲ್ಲಿ ಗೋಡೆಗೆ ಒರಗಿಸಿಟ್ಟ ಹೊಳಪಿನ ಗ್ರಾನೈಟ್ ಹಲಗೆ. ಮೊದಲಿನೆರಡು ಈ ನೆಲದವು. ಮೂರನೆಯದು ಲಾರಿ ಹತ್ತಿ ಬಂದದ್ದು.

ಕರಿಕಲ್ಲು ಎಂದರೆ ಬಸಾಲ್ಟ್. ಅದೂ ಗ್ರಾನೈಟೂ ಅಗ್ನಿಶಿಲೆಗಳೇ. ಕರಗಿದ ಶಿಲಾರಸ ತಣಿದು ಗಟ್ಟಿಯಾದ ಕಲ್ಲುಗಳು. ಆದರೆ ಹುಟ್ಟಿದ ಜಾಗ ಬೇರೆ, ತಣಿದ ವೇಗ ಬೇರೆ, ಒಳಗಿನ ಖನಿಜ ಬೇರೆ. ಹೀಗಾಗಿ ಬಾವಿಗೆ ನೀರು ಬರುವ ಬಗೆ, ಹೊಲದ ಮಣ್ಣಿನ ಗುಣ, ಗೋಡೆ ಬಿರುಕು ಬಿಡುವ ಕಾರಣ, ಡಾಂಬರು ಹಿಡಿಯುವ ಶಕ್ತಿ ಎಲ್ಲವೂ ಬೇರೆಯಾಗುತ್ತವೆ. ಬೀದರ್, ಭಾಲ್ಕಿ, ಔರಾದ ತಾಲ್ಲೂಕುಗಳ ಜನ ಬದುಕುವುದು ಬಸಾಲ್ಟಿನ ಮೇಲೆ, ಅಂಗಡಿಯಲ್ಲಿ ಕೊಳ್ಳುವುದು ಗ್ರಾನೈಟ್. ಒಂದಕ್ಕೆ ಹೊಂದುವ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದಾಗಲೇ ದುಡ್ಡು ಪೋಲಾಗುತ್ತದೆ.

ಹುಟ್ಟಿನಲ್ಲೇ ಬೇರೆ

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಂದಿನ ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್, ಉತ್ತರ ಕರ್ನಾಟಕ ಮತ್ತು ತೆಲಂಗಾಣದ ಭಾಗಗಳಲ್ಲಿ ನೆಲ ಸೀಳಿ ಲಾವಾ ಉಕ್ಕಿತು. ಒಂದೇ ಸಲವಲ್ಲ, ಹರಿವಿನ ಮೇಲೆ ಹರಿವು, ನಡುವೆ ಬಿಡುವು, ಮತ್ತೆ ಹರಿವು. ಹೀಗೆ ಪೇರಿಸಿಕೊಂಡ ಕಪ್ಪು ಶಿಲೆಯೇ ಡೆಕ್ಕನ್ ಟ್ರ್ಯಾಪ್. ಸವೆದು ಹೋದದ್ದನ್ನು ಬಿಟ್ಟರೂ ಇಂದು ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ. ಡೈನೋಸಾರ್‌ಗಳ ಅಳಿವಿಗೆ ಮೆಕ್ಸಿಕೋದಲ್ಲಿ ಬಿದ್ದ ಉಲ್ಕೆಯ ಜೊತೆಗೆ ಈ ಲಾವಾ ಉಗುಳಿದ ಅನಿಲಗಳೂ ಎಷ್ಟು ಕಾರಣ ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ. ಪಶ್ಚಿಮ ಘಟ್ಟದ ಕಡೆ ಕಿಲೋಮೀಟರುಗಟ್ಟಲೆ ದಪ್ಪವಿರುವ ಈ ಹಾಸು ಪೂರ್ವಕ್ಕೆ ಬರುತ್ತ ತೆಳುವಾಗುತ್ತದೆ. ಬೀದರ್ ಜಿಲ್ಲೆ ಇರುವುದು ಅದರ ಆಗ್ನೇಯ ಅಂಚಿನಲ್ಲಿ.

ಬಸಾಲ್ಟ್ ಶಿಲಾರಸ 1,100 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿಯಲ್ಲಿ ನೆಲದ ಮೇಲೆ ಹರಿದು, ಗಾಳಿಗೆ ತೆರೆದುಕೊಂಡು ಬೇಗ ತಣಿಯಿತು. ಹರಳುಗಳು ಬೆಳೆಯಲು ಸಮಯವೇ ಸಿಗಲಿಲ್ಲ. ಅದಕ್ಕೇ ಕರಿಕಲ್ಲನ್ನು ಒಡೆದರೆ ಕಣ್ಣಿಗೆ ಕಣ ಕಾಣುವುದಿಲ್ಲ, ನಯವಾದ ಕಪ್ಪು ಮೈಯಷ್ಟೇ. ಗ್ರಾನೈಟ್ ಹುಟ್ಟಿದ್ದು ಭೂಮಿಯೊಳಗೆ ಹಲವು ಕಿಲೋಮೀಟರ್ ಆಳದಲ್ಲಿ. ಲಕ್ಷಾಂತರ ವರ್ಷ ಮೆಲ್ಲಗೆ ತಣಿದದ್ದರಿಂದ ಹರಳುಗಳು ಜೋಳದ ಕಾಳಿನಷ್ಟು, ಕೆಲವೆಡೆ ಅದಕ್ಕೂ ದೊಡ್ಡದಾಗಿ ಬೆಳೆದವು. ಮೇಲಿನ ನೆಲ ಸವೆದು ಹೋದಮೇಲೆ ಅದು ಬೆಳಕು ಕಂಡಿತು. ಹೈದರಾಬಾದಿನ ಗುಂಡುಬಂಡೆಗಳ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದರ ಮುಂದೆ ಬೀದರ್ ಕರಿಕಲ್ಲು ನಿನ್ನೆ ಮೊನ್ನೆಯದು.

ರಸಾಯನದ ಲೆಕ್ಕ ಸರಳ. ಬಸಾಲ್ಟಿನಲ್ಲಿ ಸಿಲಿಕಾ ಶೇ 45ರಿಂದ 52. ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ಹೆಚ್ಚು. ಗ್ರಾನೈಟಿನಲ್ಲಿ ಸಿಲಿಕಾ ಶೇ 70ರ ಆಸುಪಾಸು. ಸೋಡಿಯಂ, ಪೊಟ್ಯಾಸಿಯಂ ಹೆಚ್ಚು. ಗ್ರಾನೈಟಿನ ಗುರುತು ಅದರೊಳಗಿನ ಬೆಣಚು, ಅಂದರೆ ಗಾಜಿನಂತೆ ಮಿನುಗುವ ಸ್ಫಟಿಕದ ಕಣ. ಕರಿಕಲ್ಲಿನ ಮೈಯಲ್ಲಿ ಅದು ಇರುವುದಿಲ್ಲವೆಂದೇ ಹೇಳಬೇಕು.

ಕಿಲ್ಲಾರಿಯ ಕೊಳವೆ ಹೇಳಿದ್ದು

ಎರಡೂ ಕಲ್ಲು ಒಂದರ ಮೇಲೊಂದು ಹೇಗೆ ಕೂತಿವೆ ಎಂಬುದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು ದುರಂತವೊಂದರ ನಂತರ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 6.2 ತೀವ್ರತೆಯ ಭೂಕಂಪವಾಗಿ ಸಾವಿರಾರು ಜನ ಸತ್ತರು. ಕಿಲ್ಲಾರಿ ಭಾಲ್ಕಿಯಿಂದ ನೇರ ಪಶ್ಚಿಮಕ್ಕೆ ಸುಮಾರು 65 ಕಿಲೋಮೀಟರ್. ಬಳಿಕ ವಿಜ್ಞಾನಿಗಳು ಅಲ್ಲಿ 617 ಮೀಟರ್ ಆಳದ ಕೊಳವೆ ಕೊರೆದರು. ಮೇಲಿನ 338 ಮೀಟರ್ ಪೂರ್ತಿ ಬಸಾಲ್ಟ್ ಹರಿವುಗಳು. ಅದರಡಿ ಸುಮಾರು 8 ಮೀಟರ್ ಹಳೆಯ ಮಣ್ಣು-ಮರಳಿನ ಪದರ, ಅಂದರೆ ಲಾವಾ ಬರುವ ಮೊದಲಿನ ನೆಲ. ಅದಕ್ಕೂ ಕೆಳಗೆ ಕೋಟ್ಯಂತರ ವರ್ಷ ಹಳೆಯ ಬುನಾದಿ ಶಿಲೆ.

ಬೀದರಿನಿಂದ ರಸ್ತೆ ಹಿಡಿದರೂ ಈ ಬದಲಾವಣೆ ಕಾಣುತ್ತದೆ. ಜಹೀರಾಬಾದ್ ದಾಟಿ ಸಂಗಾರೆಡ್ಡಿ ಕಡೆ ಸಾಗಿದಂತೆ ಕೆಂಪು ಕಲ್ಲು, ಕರಿಮಣ್ಣು ಹಿಂದೆ ಸರಿದು ಗ್ರಾನೈಟ್ ಗುಂಡುಗಳು ಶುರುವಾಗುತ್ತವೆ. ದಕ್ಷಿಣಕ್ಕೆ ಹೋದರೆ ಕಲಬುರಗಿಯ ಕರಿಕಲ್ಲು, ಶಹಾಬಾದಿನ ಸುಣ್ಣಕಲ್ಲು ದಾಟಿ ಯಾದಗಿರಿಗೆ ಬಂದಾಗ ಅಲ್ಲಿನ ಕೋಟೆ ಗ್ರಾನೈಟ್ ಗುಡ್ಡದ ಮೇಲೇ ಕೂತಿದೆ. ಹಂಪಿಯ ದೇಗುಲಗಳು, ಕ್ರಿ.ಶ. 981ರ ಶ್ರವಣಬೆಳಗೊಳದ ಗೊಮ್ಮಟ ಗ್ರಾನೈಟಿನವು. ಎಲ್ಲೋರದ ಕೈಲಾಸ, ಅಜಂತಾದ ಗುಹೆಗಳು ಬಸಾಲ್ಟಿನಲ್ಲಿ ಕಡೆದವು.

ಕೈಯಲ್ಲಿ ಹಿಡಿದು ಗುರುತಿಸುವುದು

ಪ್ರಯೋಗಾಲಯ ಬೇಡ. ಆದರೆ ಹಳೆಯ, ಧೂಳು ಹಿಡಿದ ಮೈ ನೋಡಿ ತೀರ್ಮಾನ ಮಾಡಬಾರದು. ಕಲ್ಲನ್ನು ಒಡೆಸಿ ಹೊಸ ಮುಖ ನೋಡಬೇಕು.

ಮೊದಲನೆಯದು ಕಣ್ಣು. ಹೊಸ ಮುಖದಲ್ಲಿ ಬಿಳಿ, ಬೂದು, ಗುಲಾಬಿ, ಕಪ್ಪು ಕಣಗಳು ಬೇರೆ ಬೇರೆಯಾಗಿ ಕಂಡರೆ ಗ್ರಾನೈಟ್ ಕುಟುಂಬ. ಒಂದೇ ಸಮನೆ ಕಪ್ಪು ಅಥವಾ ಕಡುಬೂದು, ಅಲ್ಲಲ್ಲಿ ಸಣ್ಣ ತೂತು ಅಥವಾ ಬಿಳಿ ಹರಳು ತುಂಬಿದ ಗುಳಿಗಳಿದ್ದರೆ ಬಸಾಲ್ಟ್.

ಎರಡನೆಯದು ತೂಕ. ಶಾಲಾ ಮಕ್ಕಳೂ ಮಾಡಬಹುದಾದ ಪರೀಕ್ಷೆ ಇದು. ಕಲ್ಲನ್ನು ದಾರಕ್ಕೆ ಕಟ್ಟಿ ತೂಗುಕೊಕ್ಕೆಯಲ್ಲಿ ತೂಗಬೇಕು. ನಂತರ ಕಲ್ಲು ಬಕೆಟ್ಟಿನ ನೀರಿನಲ್ಲಿ ಪೂರ್ತಿ ಮುಳುಗಿ, ತಳ ಮುಟ್ಟದಂತೆ ತೂಗುಬಿಟ್ಟು ಮತ್ತೆ ತೂಗಬೇಕು. ಗಾಳಿಯಲ್ಲಿನ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಒಂದು ಕಿಲೋ ಕಲ್ಲು ನೀರಿನಲ್ಲಿ 345 ಗ್ರಾಂ ಕಳೆದುಕೊಂಡರೆ ಉತ್ತರ 2.9, ಅದು ಗಟ್ಟಿ ಬಸಾಲ್ಟ್. 377 ಗ್ರಾಂ ಕಳೆದುಕೊಂಡರೆ 2.65, ಅದು ಗ್ರಾನೈಟ್. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ, ಅಷ್ಟೇ ಗಾತ್ರದ ಗಟ್ಟಿ ಕರಿಕಲ್ಲು ಸುಮಾರು 82 ಕಿಲೋ. ಕಲ್ಲನ್ನು ತೂಕದ ಲೆಕ್ಕದಲ್ಲಿ ಕೊಳ್ಳುವವರು ಈ ವ್ಯತ್ಯಾಸ ನೆನಪಿಡಬೇಕು: ಒಂದೇ ಟನ್ನಿಗೆ ಕರಿಕಲ್ಲು ಕಡಿಮೆ ಜಾಗ ತುಂಬುತ್ತದೆ.

ಮೂರನೆಯದು ಅಯಸ್ಕಾಂತ. ಹಳೆಯ ಸ್ಪೀಕರಿನೊಳಗಿನ ಬಲವಾದ ತುಂಡೊಂದನ್ನು ದಾರಕ್ಕೆ ಕಟ್ಟಿ ಹತ್ತಿರ ಹಿಡಿದರೆ ಕರಿಕಲ್ಲು ಅದನ್ನು ತನ್ನ ಕಡೆ ಎಳೆಯುತ್ತದೆ. ಅದರಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳಿರುತ್ತವೆ. ಗ್ರಾನೈಟಿನ ಎಳೆತ ಸಾಮಾನ್ಯವಾಗಿ ದುರ್ಬಲ. ಆದರೆ ಕೆಲವು ಗ್ರಾನೈಟ್‌ಗಳೂ ಎಳೆಯುವುದರಿಂದ ಇದೊಂದನ್ನೇ ನಂಬುವಂತಿಲ್ಲ.

ನಾಲ್ಕನೆಯದು ನಿಂಬೆಹಣ್ಣು. ಅಂಗಡಿಯವನು ಕೊಟ್ಟ ತುಂಡಿನ ಮೇಲೆ ರಸ ಹಿಂಡಿ ಕೆಲಹೊತ್ತು ಬಿಟ್ಟು ಒರೆಸಿದರೆ ಗ್ರಾನೈಟೂ ಕರಿಕಲ್ಲೂ ಹಾಗೇ ಇರುತ್ತವೆ. ಕಲೆ ಬಿದ್ದು ಹೊಳಪು ಹೋದರೆ ಅದು ಅಮೃತಶಿಲೆ ಅಥವಾ ಶಹಾಬಾದ್ ಫರ್ಶಿಯಂಥ ಸುಣ್ಣಕಲ್ಲು. ಹುಣಸೆಹುಳಿ ಚೆಲ್ಲುವ ಅಡುಗೆಕಟ್ಟೆಗೆ ಫರ್ಶಿ ಹಾಕಿಸಿ ಆಮೇಲೆ ಕಲೆ ನೋಡುವ ಬದಲು ಮೊದಲೇ ಈ ಪರೀಕ್ಷೆ ಮಾಡುವುದು ಲೇಸು.

ಎಲ್ಲ ಕರಿಕಲ್ಲೂ ಒಂದೇ ಅಲ್ಲ

ಲಾವಾದ ಒಂದೊಂದು ಹರಿವಿಗೂ ಅಡಿ, ನಡು, ನೆತ್ತಿ ಇರುತ್ತವೆ. ನಡುಭಾಗ ನಿಧಾನವಾಗಿ ತಣಿದು ಗಟ್ಟಿಯಾಗುತ್ತದೆ. ನೆತ್ತಿಯಲ್ಲಿ ಅನಿಲದ ಗುಳ್ಳೆಗಳು ಸಿಕ್ಕಿಕೊಂಡು ತೂತುತೂತಾಗುತ್ತದೆ. ಮುಂದೆ ನೀರು ಇಳಿದು ಆ ತೂತುಗಳಲ್ಲಿ ಬಿಳಿ ಜಿಯೊಲೈಟ್, ಕ್ಯಾಲ್ಸೈಟ್, ಅಗೇಟ್ ಹರಳು ತುಂಬುತ್ತವೆ. ಎರಡು ಹರಿವುಗಳ ನಡುವೆ ಇಟ್ಟಿಗೆ ಬಣ್ಣದ ಜೇಡಿಯ ಪಟ್ಟಿ ಸಿಗುವುದುಂಟು. ಒಂದು ಹರಿವು ನಿಂತು ಮುಂದಿನದು ಬರುವವರೆಗೆ ಮೇಲ್ಮೈ ಕೊಳೆತು ಆದ ಪದರ ಅದು. ಭೂವಿಜ್ಞಾನಿಗಳು ಅದನ್ನು ರೆಡ್ ಬೋಲ್ ಎನ್ನುತ್ತಾರೆ.

ಇದು ಬರೀ ಪಾಠವಲ್ಲ. ಒಂದೇ ಕ್ವಾರಿಯಿಂದ ಬಂದ ಎರಡು ಲಾರಿ ಕಲ್ಲು ಎರಡು ಗುಣದ್ದಾಗಿರಬಹುದು. ಪಾಯಕ್ಕೆ, ಖಡಿಗೆ ಬೇಕಾದದ್ದು ನಡುಭಾಗದ ಗಟ್ಟಿ ಕಲ್ಲು. ಸುತ್ತಿಗೆ ಬಿದ್ದರೆ ಅದು ಖಣಖಣ ಎನ್ನುತ್ತದೆ. ಗುಳ್ಳೆ ತುಂಬಿದ ನೆತ್ತಿಯ ಕಲ್ಲು ಮಂದ ಸದ್ದು ಕೊಡುತ್ತದೆ, ನೀರು ಕುಡಿಯುತ್ತದೆ, ಬೇಗ ಪುಡಿಯಾಗುತ್ತದೆ. ಗ್ರಾನೈಟಿನಲ್ಲಿ ಇಂಥ ಪದರದ ಗೊಡವೆಯಿಲ್ಲ. ಅಲ್ಲಿ ನೋಡಬೇಕಾದದ್ದು ಕಲ್ಲು ಕೊಳೆತಿದೆಯೇ ಎಂಬುದನ್ನು ಮಾತ್ರ: ಬಿಳಿ ಕಣಗಳು ಮಂಕಾಗಿ ಉಗುರಿಗೆ ಪುಡಿಯಾದರೆ ಬೇಡ.

ಒರಳು, ಬೀಸುಕಲ್ಲು ಕೊಳ್ಳುವಾಗಲೂ ಇದೇ ಮಾತು. ಹರಳು ತುಂಬಿದ ಗುಳಿಗಳಿರುವ ಕಲ್ಲಿನಿಂದ ಆ ಹರಳು ಕಿತ್ತು ಹಿಟ್ಟಿಗೆ ಸೇರುತ್ತದೆ. ಒಂದೇ ಸಮನಾದ ಗಟ್ಟಿ ಕಲ್ಲೇ ಬೇಕು. ಸವೆದಾಗ ಉಳಿಯಿಂದ ಮತ್ತೆ ಒರಟು ಮಾಡಿಸಿಕೊಂಡರೆ ವರ್ಷಗಟ್ಟಲೆ ನಡೆಯುತ್ತದೆ.

ಬೀದರಿನ ಕೆಂಪು ಕಲ್ಲು ಯಾರ ಮಗು?

ಬೀದರ್ ನಗರ ನಿಂತಿರುವ ಪ್ರಸ್ಥಭೂಮಿಯ ಮೇಲಿನ ಕೆಂಪು ಕಲ್ಲು ಅಗ್ನಿಶಿಲೆಯಲ್ಲ. ಅಗ್ನಿಶಿಲೆ ಕೊಳೆತು ಆದ ಜಂಬಿಟ್ಟಿಗೆ. ಬಿಸಿಲು ಮಳೆಗೆ ಲಕ್ಷಾಂತರ ವರ್ಷ ತೆರೆದುಕೊಂಡ ಬಸಾಲ್ಟಿನಿಂದ ಸಿಲಿಕಾ, ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದವು. ಬೀದರಿನ ಈ ಪದರ ಜಗತ್ತಿನ ಭೂವಿಜ್ಞಾನಿಗಳಿಗೆ ಪರಿಚಿತ. 2004ರಲ್ಲಿ ‘ಕೆಮಿಕಲ್ ಜಿಯಾಲಜಿ’ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು ಇಲ್ಲಿನ ಜಂಬಿಟ್ಟಿಗೆಯಲ್ಲಿ ಲಿಥಿಯಂ ಹೇಗೆ ವರ್ತಿಸಿದೆ ಎಂಬುದನ್ನೇ ಪರಿಶೀಲಿಸಿತ್ತು.

ಬಹಮನಿ ಸುಲ್ತಾನ ಅಹಮದ್ ಷಾ ಕಲಬುರಗಿ ಬಿಟ್ಟು ಬೀದರನ್ನು ರಾಜಧಾನಿ ಮಾಡಿಕೊಂಡಾಗ ಅವನ ಶಿಲ್ಪಿಗಳಿಗೆ ಈ ಕಲ್ಲು ವರವಾಯಿತು. ಹಸಿಯಾಗಿರುವಾಗ ಕಡಿಯಲು ಸುಲಭ, ಗಾಳಿಗೆ ಬಿಟ್ಟರೆ ಬಿಗಿಯಾಗುತ್ತದೆ. ಕೋಟೆಯ ಸುತ್ತ ನೆಲವನ್ನೇ ಕಡಿದು ಮೂರು ಸಾಲಿನ ಕಂದಕ ಮಾಡಿದರು. ಸಾಲುಗಳ ನಡುವಿನ ಗೋಡೆಗಳು ಕಟ್ಟಿದ್ದಲ್ಲ, ಕಡಿಯದೆ ಉಳಿಸಿದ್ದು. ಗಟ್ಟಿ ಕರಿಕಲ್ಲಿನಲ್ಲಾಗಲಿ ಗ್ರಾನೈಟಿನಲ್ಲಾಗಲಿ ಅಷ್ಟು ಉದ್ದದ ಕಂದಕ ತೋಡುವುದು ಎಷ್ಟೋ ಪಟ್ಟು ದುಬಾರಿಯಾಗುತ್ತಿತ್ತು.

ನೀರಿನ ಲೆಕ್ಕ

ಕೆಂಪು ಕಲ್ಲಿನ ತೂತುಗಳಲ್ಲಿ ಮಳೆನೀರು ಇಳಿಯುತ್ತದೆ. ಕೆಳಗೆ ಜೇಡಿ ಹಾಗೂ ಗಟ್ಟಿ ಬಸಾಲ್ಟ್ ಅದನ್ನು ತಡೆದಾಗ ನೀರು ಅಡ್ಡ ಹರಿದು ಪ್ರಸ್ಥಭೂಮಿಯ ಅಂಚಿನಲ್ಲಿ ಒಸರುತ್ತದೆ. ನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿಯ ನೀರಿನ ಹಿಂದಿರುವುದು ಇದೇ ಏರ್ಪಾಟು. ನೌಬಾದಿನ ಕರೇಜ್, ಅಂದರೆ ಸುರಂಗ ಬಾವಿ, ಈ ಒಸರನ್ನೇ ನೆಲದಡಿಯ ಕಾಲುವೆಗೆ ಹಿಡಿದಿಟ್ಟ ಬಹಮನಿ ಕಾಲದ ಕೆಲಸ.

ಪ್ರಸ್ಥಭೂಮಿ ಇಳಿದು ಭಾಲ್ಕಿ, ಔರಾದ ಕಡೆ ಬಂದರೆ ಲೆಕ್ಕ ಬದಲು. ಅಲ್ಲಿ ನೀರು ಸಿಗುವುದು ಬಸಾಲ್ಟಿನ ಕೊಳೆತ ಮೇಲ್ಪದರದಲ್ಲಿ, ಗುಳ್ಳೆ ತುಂಬಿದ ನೆತ್ತಿಯಲ್ಲಿ, ಬಿರುಕುಗಳಲ್ಲಿ, ಹರಿವು ಹರಿವಿನ ಸಂದಿನಲ್ಲಿ. ಅಂತರ್ಜಲ ಅಂದಾಜು ಸಮಿತಿಯ 1997ರ ಮಾನದಂಡದ ಪ್ರಕಾರ ನೀರು ಬಿಟ್ಟುಕೊಡುವ ಶಕ್ತಿ ಜಂಬಿಟ್ಟಿಗೆಗೆ ಶೇ 2.5, ಕೊಳೆತ ಅಥವಾ ಗುಳ್ಳೆಯ ಬಸಾಲ್ಟಿಗೆ ಶೇ 2, ಜೇಡಿ ಕಡಿಮೆಯಿರುವ ಕೊಳೆತ ಗ್ರಾನೈಟಿಗೆ ಶೇ 3, ಬಿರುಕು ಕಡಿಮೆಯಿರುವ ಗಟ್ಟಿ ಕಲ್ಲಿಗೆ ಬರೀ ಶೇ 0.3. ಅಂದರೆ ನೂರು ಘನ ಮೀಟರ್ ಗುಳ್ಳೆಕಲ್ಲು ಎರಡು ಘನ ಮೀಟರ್ ನೀರು ಕೊಟ್ಟರೆ, ಅಷ್ಟೇ ಗಟ್ಟಿ ಕಲ್ಲು 300 ಲೀಟರ್ ಕೊಡುತ್ತದೆ. ಪಾಯಕ್ಕೆ ಬೇಡವಾದ ಗುಳ್ಳೆಕಲ್ಲೇ ಬಾವಿಗೆ ಬೇಕಾದದ್ದು.

ಬಸಾಲ್ಟ್ ಸೀಮೆಯ ತೆರೆದ ಬಾವಿಗಳು ಅಗಲವಾಗಿರುವುದಕ್ಕೆ ಕಾರಣವೂ ಇಲ್ಲೇ ಇದೆ. ಸಂದಿಗಳಿಂದ ನೀರು ನಿಧಾನವಾಗಿ ಒಸರುತ್ತದೆ. ರಾತ್ರಿಯೆಲ್ಲ ತುಂಬಿಕೊಳ್ಳಲು ದೊಡ್ಡ ಹೊಟ್ಟೆ ಬೇಕು. ಬೋರ್‌ವೆಲ್ ಕೊರೆಸುವವರು ಮೂರು ಮಾತು ನೆನಪಿಡಬೇಕು. ಬರುವ ಪುಡಿಯ ಬಣ್ಣವನ್ನು ಆಳದ ಸಮೇತ ಬರೆದಿಡಬೇಕು. ಇಟ್ಟಿಗೆ ಕೆಂಪು ಜೇಡಿ ಬಂದರೆ ಅದು ರೆಡ್ ಬೋಲ್. ನೀರು ತಗುಲಿದಾಗ ಕುಸಿದು ತೂತು ಮುಚ್ಚುವ ಅಪಾಯವಿರುವುದರಿಂದ ಅಲ್ಲಿಯವರೆಗೆ ಕೇಸಿಂಗ್ ಬೇಕೇ ಎಂದು ಕೇಳಬೇಕು. ಒಂದೇ ಸಮನೆ ಕಪ್ಪು ಪುಡಿ ಬರುತ್ತಿದ್ದರೆ ಗಟ್ಟಿ ನಡುಭಾಗದಲ್ಲಿದ್ದೇವೆ ಎಂದರ್ಥ. ಅದರಡಿ ಇನ್ನೊಂದು ಹರಿವಿನ ನೆತ್ತಿ ಸಿಗಬಹುದು, ಸಿಗದೆಯೂ ಇರಬಹುದು.

ಗ್ರಾನೈಟ್ ನಾಡಿನಲ್ಲಿ ಹೀಗೆ ಪದರ ಪದರದ ಆಸೆ ಇಲ್ಲ. ಮೇಲಿನ ಕೊಳೆತ ಭಾಗ ದಾಟಿದ ಮೇಲೆ ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಒಣ ತೂತು. ನೀರಿನ ಗುಣದಲ್ಲೂ ವ್ಯತ್ಯಾಸವಿದೆ. ಗ್ರಾನೈಟಿನ ಕೆಲ ಖನಿಜಗಳಿಂದ ಫ್ಲೋರೈಡ್ ಕರಗಿ ಬರುತ್ತದೆ. ಕೋಲಾರ, ನಲ್ಗೊಂಡದಂಥ ಜಿಲ್ಲೆಗಳ ಫ್ಲೋರೋಸಿಸ್‌ಗೆ ಇದು ಕಾರಣ. ಬಸಾಲ್ಟಿನ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಗಡುಸಾಗುವುದು ಹೆಚ್ಚು. ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಾಗ 1.5ರವರೆಗೆ ನಡೆಯುತ್ತದೆ. ಕಲ್ಲು ಯಾವುದೇ ಇರಲಿ, ಹೊಸ ಬೋರಿನ ನೀರನ್ನು ಪರೀಕ್ಷೆ ಮಾಡಿಸಿಯೇ ಕುಡಿಯಬೇಕು.

ಎರೆಮಣ್ಣೂ ಪಾಯವೂ

ಗ್ರಾನೈಟ್ ಕೊಳೆತರೆ ಬೆಣಚು ಕರಗದೆ ಮರಳಾಗಿ ಉಳಿದು ಕೆಂಪು ಮರಳು ಮಿಶ್ರಿತ ಮಣ್ಣಾಗುತ್ತದೆ. ಬಸಾಲ್ಟಿನಲ್ಲಿ ಮರಳಾಗಲು ಬೆಣಚೇ ಇಲ್ಲ. ಅದು ಕೊಳೆತು ಜೇಡಿಯಾಗುತ್ತದೆ. ಭಾಲ್ಕಿ, ಔರಾದದ ಎರೆಭೂಮಿ ಅದೇ. ತೊಗರಿ, ಕಡಲೆ, ಸೋಯಾ, ಜೋಳಕ್ಕೆ ತಿಂಗಳುಗಟ್ಟಲೆ ತೇವ ಹಿಡಿದಿಡುವ ಈ ಮಣ್ಣು ಮನೆಗೆ ಮಾತ್ರ ವೈರಿ. ಅದರೊಳಗಿನ ಮಾಂಟ್‌ಮೊರಿಲ್ಲೊನೈಟ್ ಜೇಡಿ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಪಾಯ ಅದರ ಜೊತೆ ಏರಿಳಿದರೆ ಗೋಡೆಯ ಮೂಲೆಯಿಂದ ಕಿಟಕಿಯವರೆಗೆ ಓರೆ ಬಿರುಕು ಬೀಳುತ್ತದೆ.

ಪರಿಹಾರಗಳು ಗೊತ್ತಿರುವವೇ. ಎರೆ ತೆಳುವಾಗಿದ್ದರೆ ಪೂರ್ತಿ ತೆಗೆದು ಮುರುಮಿನ ಅಥವಾ ಕಲ್ಲಿನ ಮೇಲೆ ಪಾಯ ಇಡಬೇಕು. ದಪ್ಪವಿದ್ದರೆ ಬೇಸಿಗೆಯ ಬಿರುಕು ಇಳಿಯುವ ಆಳಕ್ಕಿಂತ ಕೆಳಗೆ ಹೋಗಬೇಕು. ಹಲವೆಡೆ ಈ ಚಲನೆ 3 ಮೀಟರಿಗೂ ಹೆಚ್ಚು ಆಳದವರೆಗೆ ಇರುತ್ತದೆ. ಅಷ್ಟು ತೋಡುವುದು ದುಬಾರಿಯಾದಾಗ ಅಂಡರ್ ರೀಮ್ಡ್ ಪೈಲ್, ಅಂದರೆ ತುದಿಯಲ್ಲಿ ಗಂಟೆಯಂತೆ ಅಗಲವಾದ ಕಾಂಕ್ರೀಟ್ ಕಂಬ, ಒಳ್ಳೆಯ ದಾರಿ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಈ ವಿಧಾನಕ್ಕೆ ಐಎಸ್ 2911ರ ಮೂರನೇ ಭಾಗದಲ್ಲಿ ನಿಯಮಗಳಿವೆ. ನೆಲಹಾಸಿನಡಿ ಎರೆಮಣ್ಣನ್ನೇ ತುಂಬಬಾರದು, ಉಬ್ಬದ ಮುರುಮು ತುಂಬಿ ದಮ್ಮಸ್ಸು ಮಾಡಿಸಬೇಕು. ಮನೆಯ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿ ಮಳೆನೀರು ಪಾಯದತ್ತ ನುಗ್ಗದಂತೆ ಹೊರಗೆ ಹರಿಸಬೇಕು.

ಇತ್ತೀಚೆಗೆ ಬಸಾಲ್ಟ್ ಪುಡಿಯನ್ನು ಹೊಲಕ್ಕೆ ಹರಡಿ ಗಾಳಿಯ ಇಂಗಾಲವನ್ನು ಹಿಡಿಯುವ ಪ್ರಯೋಗಗಳು ಸುದ್ದಿಯಲ್ಲಿವೆ. ಭಾರತದ ಸಣ್ಣ ರೈತರ ಹೊಲಗಳಲ್ಲಿ ಈ ಕೆಲಸ ಮಾಡುತ್ತಿರುವ ಮಾಟಿ ಕಾರ್ಬನ್ ಸಂಸ್ಥೆಗೆ 2025ರಲ್ಲಿ ಎಕ್ಸ್‌ಪ್ರೈಜ್‌ನ 5 ಕೋಟಿ ಡಾಲರ್ ಬಹುಮಾನ ಬಂತು. ಆದರೆ ಭಾಲ್ಕಿಯ ಎರೆಮಣ್ಣು ತಾನೇ ಬಸಾಲ್ಟಿನ ಪುಡಿಯಿಂದಾದದ್ದು. ಕ್ಯಾಲ್ಸಿಯಂ ತೊಳೆದು ಹೋದ ಹುಳಿ ಕೆಂಪು ಮಣ್ಣಿಗೆ ಆಗುವಷ್ಟು ಲಾಭ ಅಲ್ಲಿ ನಿರೀಕ್ಷಿಸುವಂತಿಲ್ಲ. ಕ್ರಷರ್ ಪುಡಿಯನ್ನು ಗೊಬ್ಬರವೆಂದು ಯಾರಾದರೂ ಮಾರಿದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕಲ್ಲು ಗಟ್ಟಿ, ಗೋಡೆ ಸೋತಿತು

ಕಿಲ್ಲಾರಿಯಲ್ಲಿ ಜನರ ಮೇಲೆ ಬಿದ್ದದ್ದು ಇದೇ ಕರಿಕಲ್ಲಿನ ಗೋಡೆಗಳು. ಕಲ್ಲು ಒಡೆಯಲಿಲ್ಲ, ಕಟ್ಟು ಬಿಚ್ಚಿತು. ಗುಂಡುಗುಂಡಾದ ಕಲ್ಲನ್ನು ಕೆಸರಿನಲ್ಲಿ ಕೂರಿಸಿ ಎರಡಡಿಗೂ ಮೀರಿದ ದಪ್ಪ ಗೋಡೆ ಕಟ್ಟಿದ್ದರು. ಒಳಮುಖಕ್ಕೂ ಹೊರಮುಖಕ್ಕೂ ಸಂಬಂಧವೇ ಇರಲಿಲ್ಲ. ಮೇಲೆ ಮಣ್ಣಿನ ಭಾರದ ಮಾಳಿಗೆ. ನೆಲ ಅಲುಗಿದಾಗ ಗೋಡೆ ಎರಡು ಹೋಳಾಗಿ ಉರುಳಿತು.

ಕಲ್ಲಿನ ಗೋಡೆಯೇ ಬೇಕೆನ್ನುವವರಿಗೆ ಐಎಸ್ 13828 ದಾರಿ ತೋರಿಸುತ್ತದೆ. ಗೋಡೆಯ ಎರಡೂ ಮುಖ ಮುಟ್ಟುವ ಉದ್ದ ಕಲ್ಲುಗಳನ್ನು ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ, ಗೋಡೆಯ ಉದ್ದಕ್ಕೆ 1.2 ಮೀಟರ್ ಮೀರದ ಅಂತರದಲ್ಲಿ ಇಡಬೇಕು. ಗೋಡೆ 45 ಸೆಂಟಿಮೀಟರಿಗಿಂತ ದಪ್ಪ ಬೇಡ. ಪಾಯದ ಮೇಲೆ, ಬಾಗಿಲು-ಕಿಟಕಿಯ ಮೇಲೆ, ಚಾವಣಿಯಡಿ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಮನೆಯ ಸುತ್ತ ಓಡಬೇಕು. ಕರಿಕಲ್ಲನ್ನು ಮುಖ ಕೆತ್ತಿ ಚಪ್ಪಟೆ ಮಾಡುವುದು ಕಷ್ಟವೆಂದು ಗುಂಡು ಕಲ್ಲನ್ನೇ ಕಟ್ಟಿಸುವ ರೂಢಿ ಹಳ್ಳಿಗಳಲ್ಲಿದೆ. ಅಲ್ಲಿ ಉಳಿಸಿದ ಕೂಲಿ ದುಬಾರಿಯಾಗುತ್ತದೆ.

ಕಾಂಕ್ರೀಟಿಗೆ ಎರಡೂ ಕಲ್ಲಿನ ಖಡಿ ನಡೆಯುತ್ತದೆ. ಐಎಸ್ 383ರ ಪರೀಕ್ಷೆಗಳಲ್ಲಿ ಪಾಸಾದರೆ ಸಾಕು; ಜಿಯೊಲೈಟ್ ಬಿಳಿ ಚುಕ್ಕೆ ತುಂಬಿದ, ಚಪ್ಪಟೆ ಚೂರುಗಳ ಖಡಿಯನ್ನು ಮಾತ್ರ ವಾಪಸ್ ಕಳಿಸಬೇಕು. ಡಾಂಬರು ರಸ್ತೆಯಲ್ಲಿ ಕರಿಕಲ್ಲಿಗೆ ಒಂದು ಹೆಜ್ಜೆ ಮುಂದು. ಸಿಲಿಕಾ ಹೆಚ್ಚಿರುವ ಗ್ರಾನೈಟ್ ಖಡಿಯಿಂದ ಮಳೆನೀರು ಡಾಂಬರನ್ನು ಸುಲಭವಾಗಿ ಬಿಡಿಸುತ್ತದೆ. ಅದಕ್ಕೇ ಅಂಥ ಕಡೆ ಸುಣ್ಣದ ಪುಡಿ ಬೆರೆಸುವ ಕ್ರಮವಿದೆ. ಬಸಾಲ್ಟ್ ಖಡಿ ಡಾಂಬರನ್ನು ಬಿಗಿಯಾಗಿ ಹಿಡಿಯುತ್ತದೆ.

ಅಡುಗೆಕಟ್ಟೆಗೆ ಯಾವುದು?

ಅಂಗಡಿಯಲ್ಲಿ ಗ್ರಾನೈಟ್ ಎಂದು ಮಾರುವ ಕಪ್ಪು ಹಲಗೆಗಳಲ್ಲಿ ಬಹಳಷ್ಟು ಭೂವಿಜ್ಞಾನದ ಲೆಕ್ಕದಲ್ಲಿ ಗ್ರಾನೈಟೇ ಅಲ್ಲ. ಚಾಮರಾಜನಗರದ ಹೆಸರಾಂತ ಕಪ್ಪು ಕಲ್ಲು ಡೋಲರೈಟ್. ಆಂಧ್ರದ ಚೀಮಕುರ್ತಿಯಿಂದ ಬರುವ, ಚಿನ್ನದ ಚುಕ್ಕೆ ಮಿನುಗುವ ಗ್ಯಾಲಕ್ಸಿ ಗ್ಯಾಬ್ರೊ ಕುಟುಂಬದ್ದು. ಎರಡರ ರಸಾಯನವೂ ಬಸಾಲ್ಟಿಗೆ ಹತ್ತಿರ. ನೆಲದೊಳಗೆ ತಣಿದದ್ದರಿಂದ ಕಣ ದೊಡ್ಡದು, ಅಷ್ಟೇ. ಭಾಲ್ಕಿಯ ಗೃಹಿಣಿ ಕೊಳ್ಳುವ ಕಪ್ಪು ಹಲಗೆ ಅವರ ಹೊಲದಡಿಯ ಕರಿಕಲ್ಲಿನ ಹತ್ತಿರದ ನೆಂಟ. ಇಳಕಲ್ಲಿನ ಕೆಂಪು ಕಲ್ಲು ಮಾತ್ರ ಅಪ್ಪಟ ಗ್ರಾನೈಟ್.

ಇದರಿಂದ ಕೊಳ್ಳುವವರಿಗೆ ಆಗುವ ವ್ಯತ್ಯಾಸ ಹೀಗಿದೆ. ಕಪ್ಪು ಹಲಗೆ ನೀರು, ಎಣ್ಣೆ ಕಡಿಮೆ ಹೀರುತ್ತದೆ; ಅರಿಶಿನದ ಕಲೆ ಕಾಣುವುದಿಲ್ಲ. ಅಡುಗೆಕಟ್ಟೆಗೆ ಅದೇ ಮೇಲು. ಆದರೆ ಬೆಣಚಿಲ್ಲದ ಕಾರಣ ಗಡುಸು ಸ್ವಲ್ಪ ಕಡಿಮೆ. ಮೋಹ್ಸ್ ಅಳತೆಯಲ್ಲಿ ಬೆಣಚು 7, ಫೆಲ್ಡ್‌ಸ್ಪಾರ್ 6. ಕಾಲಡಿಯ ಮರಳು ಉಜ್ಜುವ ಮೆಟ್ಟಿಲು, ವರಾಂಡದಲ್ಲಿ ಕಪ್ಪಿನ ಹೊಳಪು ಬೇಗ ಮಾಸಿ ಗೀರು ಎದ್ದು ಕಾಣುತ್ತದೆ. ಅಲ್ಲಿಗೆ ಬೆಣಚಿರುವ ಬೂದು, ಕೆಂಪು ಗ್ರಾನೈಟ್ ಒಳ್ಳೆಯದು. ಹೊರಗಿನ ಮೆಟ್ಟಿಲಿಗೆ ಪಾಲಿಶ್ ಬೇಡ. ಬೆಂಕಿ ಹಾಯಿಸಿ ಮೈ ಒರಟು ಮಾಡಿದ ಹಲಗೆ ಮಳೆಯಲ್ಲಿ ಜಾರುವುದಿಲ್ಲ. ಬಿಸಿಗೆ ಬೆಣಚಿನ ಕಣ ಸಿಡಿದು ಮೈ ಒರಟಾಗುವುದರಿಂದ ಅಪ್ಪಟ ಗ್ರಾನೈಟಿಗೇ ಈ ಕೆಲಸ ಚೆನ್ನಾಗಿ ಕೂಡುತ್ತದೆ.

ಕೊಳ್ಳುವ ಮೊದಲು ಎರಡು ಪರೀಕ್ಷೆ. ಹಲಗೆಯ ಮೇಲೆ ನೀರಿನ ಹನಿ ಬಿಟ್ಟು ಹದಿನೈದು ನಿಮಿಷ ಕಾಯಬೇಕು. ಒರೆಸಿದ ಮೇಲೂ ಕಲ್ಲು ಕಪ್ಪಾಗಿ ಉಳಿದರೆ ಅದು ನೀರು ಹೀರುತ್ತದೆ, ಸೀಲರ್ ಬಳಿಯಬೇಕಾಗುತ್ತದೆ. ಕಪ್ಪು ಹಲಗೆಯಾದರೆ ಉಗುರುಬಣ್ಣ ತೆಗೆಯುವ ಅಸಿಟೋನನ್ನು ಬಿಳಿ ಬಟ್ಟೆಗೆ ಹಾಕಿ ಉಜ್ಜಬೇಕು. ಬಟ್ಟೆಗೆ ಕಪ್ಪು ಹತ್ತಿದರೆ ಬೂದು ಕಲ್ಲಿಗೆ ಬಣ್ಣ ಕುಡಿಸಿದ್ದಾರೆ. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕಿಲೋ ತೂಗುತ್ತದೆ. ಕಟ್ಟೆಯ ಅಡಿಯ ಆಧಾರವನ್ನು ಈ ಭಾರಕ್ಕೆ ತಕ್ಕಂತೆ ಕಟ್ಟಿಸಬೇಕು.

ಮಕ್ಕಳಿಗೆ ತೋರಿಸಲು ಒಂದು ದಾರಿ

ಶಾಲಾ ಶಿಕ್ಷಕರಿಗೆ ಬೀದರ್–ಔರಾದ ರಸ್ತೆಯೇ ತೆರೆದ ಪಾಠ. ಬೀದರ್ ಕೋಟೆಯ ಕಂದಕದಲ್ಲಿ ಜಂಬಿಟ್ಟಿಗೆಯ ತೂತುಮೈ ನೋಡಿ ಹೊರಟು, ಜನವಾಡದ ಕಡೆ ಇಳಿಯುವಾಗ ನೆಲದ ಬಣ್ಣ ಕೆಂಪಿನಿಂದ ಕಪ್ಪಿಗೆ ತಿರುಗುವುದನ್ನು ಗಮನಿಸಬಹುದು. ಮಾಂಜ್ರಾ ದಾಟುವಲ್ಲಿ ನದಿಯ ಗುಂಡುಕಲ್ಲುಗಳ ನಡುವೆ ಬಸಾಲ್ಟಿನ ಗುಳ್ಳೆಗಳಿಂದ ಕಳಚಿ ಬಂದ ಅಗೇಟ್ ಹರಳು ಹುಡುಕಬಹುದು. ಸಂತಪುರದ ಆಚೆ ಔರಾದವರೆಗೆ ಬಾವಿ, ಹಳ್ಳದ ದಂಡೆಗಳಲ್ಲಿ ಹರಿವಿನ ಪದರಗಳನ್ನು ಎಣಿಸಬಹುದು. ಕೋಟೆ ಸಂರಕ್ಷಿತ ಸ್ಮಾರಕ, ಅಲ್ಲಿ ಸುತ್ತಿಗೆ ಮುಟ್ಟಿಸಬಾರದು. ಬಿಟ್ಟುಹೋದ ಕ್ವಾರಿ ಹೊಂಡಗಳ ಹತ್ತಿರ ಮಕ್ಕಳನ್ನು ಬಿಡಲೇಬಾರದು. ಹೋಲಿಕೆಗೆ ಗ್ರಾನೈಟ್ ಬೇಕಾದರೆ ಕಲ್ಲಿನಂಗಡಿಯಲ್ಲಿ ಕತ್ತರಿಸಿ ಬಿಸಾಕಿದ ತುಂಡು ಸಾಕು.

ಒಟ್ಟಿನಲ್ಲಿ ಪಾಯ, ಖಡಿ, ಡಾಂಬರು ರಸ್ತೆಗೆ ಹತ್ತಿರದ ಗಟ್ಟಿ ಕರಿಕಲ್ಲೇ ಸಾಕು. ದೂರದಿಂದ ಗ್ರಾನೈಟ್ ತರಿಸುವ ಅಗತ್ಯವಿಲ್ಲ. ಮೆಟ್ಟಿಲಿಗೆ, ಓಡಾಟ ಹೆಚ್ಚಿರುವ ನೆಲಕ್ಕೆ ಕಣ ಕಾಣುವ ಗ್ರಾನೈಟ್. ಅಡುಗೆಕಟ್ಟೆಗೆ ಬಣ್ಣ ಕುಡಿಸದ ಕಪ್ಪು ಹಲಗೆ. ಕಲ್ಲಿಗೆ ಮುಂಗಡ ಕೊಡುವ ಮೊದಲು ಒಂದು ತುಂಡು ಒಡೆಸಿ ಹೊಸ ಮುಖ ನೋಡಿ, ನೀರಿನಲ್ಲಿ ತೂಗಿ, ಯಾವ ಕ್ವಾರಿಯದೆಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ.